ಜವಾರಿ ಕೋಳಿಗೆ ಯಾವ ದವಾಖಾನಿ?

ಗೋಕಾಕ ತಾಲ್ಲೂಕಿನ ಮಮದಾಪುರದ ಸೀಮೆಯಲ್ಲಿ ಎಮ್ಮೆಗೆ ಜ್ವರ ಬಂದರೆ ಮನೆಯ ಯಜಮಾನ ನಡುರಾತ್ರಿಯಲ್ಲೇ ದನದ ಡಾಕ್ಟರಿಗೆ ಫೋನು ಹಚ್ಚುತ್ತಾನೆ. ಆಡು ಮೇವು ಬಿಟ್ಟರೆ ಬೆಳಗಾಗುವ ತನಕ ಕಾಯುತ್ತಾನೆ. ಕೋಳಿ ತೂಕಡಿಸಿದರೆ ಚೂರಿ ಹುಡುಕುತ್ತಾನೆ.

ಮಮದಾಪುರವೆಂದರೆ ಆದಿಲಶಾಹಿ ಕಾಲದ ದೊಡ್ಡ ಕೆರೆಗಳಿರುವ ವಿಜಯಪುರ ಜಿಲ್ಲೆಯ ಊರನ್ನು ನೆನೆಯುವವರು ಹೆಚ್ಚು. ಇದು ಬೆಳಗಾವಿ ಜಿಲ್ಲೆಯದು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲ್ಲೂಕುಗಳಲ್ಲಿ ಘಟಪ್ರಭೆಯ ನೀರು ಹರಿದಲ್ಲೆಲ್ಲ ಕಬ್ಬು, ಗೋವಿನಜೋಳ, ಅರಿಶಿಣ. ಕಾರ್ಖಾನೆಗೆ ಹೋದ ಕಬ್ಬಿನ ಬಿಲ್ಲು ಗಂಡಸರ ಖಾತೆಗೆ ಬೀಳುತ್ತದೆ, ಅದೂ ಬಿದ್ದಾಗ. ಹಿತ್ತಲಲ್ಲಿ ತಿಪ್ಪೆ ಕೆದರುವ ನಾಲ್ಕಾರು ಜವಾರಿ ಕೋಳಿಗಳ ಲೆಕ್ಕ ಮಾತ್ರ ಮನೆಯ ಹೆಂಗಸರದು. ತತ್ತಿ ಮಾರಿದ ದುಡ್ಡು, ಜಾತ್ರೆಯ ಮುಂಚೆ ಹುಂಜ ಮಾರಿದ ದುಡ್ಡು ಯಾವ ಪಾಸ್‌ಬುಕ್ಕಿಗೂ ಹೋಗುವುದಿಲ್ಲ. ಮಕ್ಕಳ ನೋಟ್‌ಬುಕ್ಕು, ಬಸ್ ಚಾರ್ಜು, ಸಂಘದ ಕಂತು ಎಂದು ಅಲ್ಲಲ್ಲೇ ಕರಗುತ್ತದೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹೀಗೆ ಮನೆಯಂಗಳದಲ್ಲಿ ಸಾಕಿದ ಕೋಳಿಗಳು ಸುಮಾರು 31.7 ಕೋಟಿ. ಹಿಂದಿನ ಗಣತಿಗಿಂತ ಇದು ಶೇ 46ರಷ್ಟು ಹೆಚ್ಚು. ಫಾರಂ ಕೋಳಿಯ ಭರಾಟೆಯಲ್ಲೂ ಹಿತ್ತಲ ಕೋಳಿ ಹಿಂದೆ ಬಿದ್ದಿಲ್ಲ.

ಹಿಂದೆ ಬಿದ್ದಿರುವುದು ಅದರ ಆರೈಕೆ. ಒಂದು ವಿಚಿತ್ರವನ್ನು ಗಮನಿಸಬೇಕು. ನಾಯಿ ಕಚ್ಚಿದ್ದು, ಕಾಲು ಮುರಿದದ್ದು, ಪಾದಕ್ಕೆ ಮುಳ್ಳು ನಟ್ಟದ್ದು, ಇಂಥವು ಉಪ್ಪುನೀರು, ಬಟ್ಟೆಯ ಪಟ್ಟಿ, ಒಂದಿಷ್ಟು ತಾಳ್ಮೆ ಇದ್ದರೆ ಮನೆಯಲ್ಲೇ ವಾಸಿಯಾಗುತ್ತವೆ. ಆದರೆ ಅಂಥ ಕೋಳಿ ಅಂದೇ ಸಾರಾಗುತ್ತದೆ. ಯಾವ ಮದ್ದಿಗೂ ಬಗ್ಗದ ಕೊಕ್ಕರೆ ರೋಗ ಬಂದಾಗ ಮಾತ್ರ ನಿಂಬೆರಸ, ಬೆಳ್ಳುಳ್ಳಿ, ಮೆಡಿಕಲ್ ಅಂಗಡಿಯ ಗುಳಿಗೆ ಎಂದು ಓಡಾಟ ಶುರುವಾಗುತ್ತದೆ. ವಾಸಿಯಾಗುವುದಕ್ಕೆ ಚೂರಿ, ವಾಸಿಯಾಗದ್ದಕ್ಕೆ ಔಷಧ.

ಕೊಕ್ಕರೆ ಬಂದ ಗಲ್ಲಿ

ಬೇಸಿಗೆಯ ಮೊದಲ ಬಿಸಿಗಾಳಿ ಬೀಸುವ ಹೊತ್ತಿಗೆ ಹಳ್ಳಿಗಳಲ್ಲಿ ಈ ಸುದ್ದಿ ಹುಟ್ಟುತ್ತದೆ. ‘ಯವ್ವಾ, ಆಚಿ ಓಣ್ಯಾಗ ಕೋಳಿ ಬಿದ್ದು ಸಾಯಾಕತ್ತಾವಂತ.’ ಕೇಳಿಸಿಕೊಂಡವಳು ಮೊದಲು ಮಾಡುವ ಕೆಲಸ ತನ್ನ ಕೋಳಿಗಳನ್ನು ಎಣಿಸುವುದು, ಎರಡನೆಯದು ಅವನ್ನು ಸಂತೆಗೆ ಒಯ್ಯುವ ಯೋಚನೆ. ಆ ಎರಡನೆಯ ಕೆಲಸವೇ ರೋಗಕ್ಕೆ ಊರಿಂದೂರಿಗೆ ಸವಾರಿ ಮಾಡಿಸುತ್ತದೆ. ಇನ್ನೂ ಓಡಾಡಿಕೊಂಡು ಚೆನ್ನಾಗಿರುವಂತೆ ಕಾಣುವ ಕೋಳಿಯೊಳಗೆ ವೈರಸ್ಸು ಆಗಲೇ ಸೇರಿರಬಹುದು. ಸೋಂಕು ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ ಐದಾರು ದಿನ ಬೇಕು, ಕೆಲವೊಮ್ಮೆ ಎರಡು ವಾರವೂ ಆಗುತ್ತದೆ. ಸಂತೆಯಲ್ಲಿ ಕೊಂಡವರ ಮನೆಯಲ್ಲಿ ಅದು ಬೀಳುತ್ತದೆ.

ಲಕ್ಷಣಗಳನ್ನು ಹೆಂಗಸರು ಡಾಕ್ಟರಿಗಿಂತ ಮೊದಲೇ ಗುರುತಿಸುತ್ತಾರೆ. ಹಸಿರು ಬಿಳಿ ಬೆರೆತ ತೆಳ್ಳನೆಯ ಹಿಕ್ಕೆ. ಕೊಕ್ಕು ತೆರೆದು ಗೊರಗೊರ ಉಸಿರು. ರೆಕ್ಕೆ ಜೋತು ಬಿದ್ದು, ಗರಿ ಕೆದರಿ, ಮೂಲೆ ಹಿಡಿದು ಕೂರುವುದು. ಒಂದೆರಡು ದಿನ ತಾಳಿದ ಕೋಳಿಯ ಕುತ್ತಿಗೆ ತಿರುಚಿಕೊಂಡು ತಲೆ ಬೆನ್ನ ಮೇಲೆ ಬೀಳುತ್ತದೆ, ಇಲ್ಲವೇ ಕಾಲು ಸೋತು ಗಿರಕಿ ಹೊಡೆಯುತ್ತದೆ. ಲಸಿಕೆ ಕಾಣದ ಹಿಂಡಿನಲ್ಲಿ ಹತ್ತಕ್ಕೆ ಹತ್ತೂ ಸಾಯುವುದುಂಟು.

ಸರ್ಕಾರಿ ಕಾಗದಗಳಲ್ಲಿ ಇದು ರಾಣಿಖೇತ್ ರೋಗ. ಕುಮಾವೂಂ ಬೆಟ್ಟಗಳ ರಾಣಿಖೇತ್ ಪಟ್ಟಣದಲ್ಲಿ 1927ರ ಸುಮಾರಿಗೆ ಕಾಣಿಸಿಕೊಂಡದ್ದರಿಂದ ಆ ಹೆಸರು. ಅದಕ್ಕೂ ತುಸು ಮೊದಲು ಇಂಗ್ಲೆಂಡಿನ ನ್ಯೂಕ್ಯಾಸಲ್ ಬಂದರಿನಲ್ಲೂ ಜಾವಾ ದ್ವೀಪದಲ್ಲೂ ಇದೇ ರೋಗ ಕೋಳಿಗಳನ್ನು ಗುಡಿಸಿ ಹಾಕಿತ್ತು. ಅದನ್ನು ತಡೆಯುವ ಲಸಿಕೆ ಹುಟ್ಟಿದ್ದೂ ಕುಮಾವೂಂ ಬೆಟ್ಟಗಳಲ್ಲೇ. ರಾಣಿಖೇತ್‌ಗೆ ದೂರವಲ್ಲದ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲಿ ರೂಪುಗೊಂಡ ಆರ್‌2ಬಿ ಲಸಿಕೆಯನ್ನೇ ಇಂದಿಗೂ ಬೆಳೆದ ಕೋಳಿಯ ರೆಕ್ಕೆಯ ಕೆಳಗೆ ಚುಚ್ಚುತ್ತಾರೆ. ಕರ್ನಾಟಕದಲ್ಲಿ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಕೋಳಿಗಳ ಲಸಿಕೆಯನ್ನು ತಯಾರಿಸುತ್ತದೆ. ಹೀಗಿದ್ದೂ ಲಸಿಕೆ ಮಮದಾಪುರದಂಥ ಊರಿನ ಹಿತ್ತಲಿಗೆ ಬಂದು ಮುಟ್ಟುವುದು ಅಪರೂಪ.

ಕಾರಣ ಶೀಶೆಯ ಅಳತೆ. ಲಸಿಕೆ ಬರುವುದು ನೂರು, ಇನ್ನೂರು, ಐನೂರು ಕೋಳಿಗಳಿಗಾಗುವ ಒಂದೊಂದು ಶೀಶೆಯಲ್ಲಿ. ಒಣಪುಡಿಯ ರೂಪದಲ್ಲಿರುವ ಅದನ್ನು ದ್ರಾವಣಕ್ಕೆ ಬೆರೆಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಆರು ಕೋಳಿ ಇರುವ ಮನೆಯವರು ನೂರು ಡೋಸಿನ ಶೀಶೆ ಒಡೆಸಿದರೆ ತೊಂಬತ್ತನಾಲ್ಕು ಡೋಸು ಚರಂಡಿಗೆ. ಯಾವ ದವಾಖಾನೆಯ ಡಾಕ್ಟರೂ ಅದಕ್ಕೆ ಮನಸ್ಸು ಮಾಡುವುದಿಲ್ಲ, ಮಾಡಬೇಕೆಂದು ಕೇಳುವುದೂ ನ್ಯಾಯವಲ್ಲ. ಇನ್ನೊಂದು ಕಾರಣ ತಂಪು. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿರಬೇಕು. ಗೋಕಾಕದಿಂದ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬೈಕಿನ ಮೇಲೆ ತಂದ ಲಸಿಕೆ ಊರು ಮುಟ್ಟುವ ಹೊತ್ತಿಗೆ ಬರೀ ಬಣ್ಣದ ನೀರು. ಅದನ್ನು ಹಾಕಿಸಿಕೊಂಡೂ ಕೋಳಿ ಸತ್ತಾಗ ‘ಸೂಜಿ ಮಾಡಿಸಿದ್ದಕ್ಕ ಸತ್ತವು ನೋಡ್ರಿ’ ಎಂಬ ಮಾತು ಹುಟ್ಟುತ್ತದೆ. ಆ ಮಾತು ರೋಗಕ್ಕಿಂತ ಬೇಗ ಹರಡುತ್ತದೆ, ಹೆಚ್ಚು ವರ್ಷ ಬಾಳುತ್ತದೆ.

ರೋಗ ಬಂದ ಮೇಲೆ ಲಸಿಕೆಗೆ ಓಡುವುದೂ ಅಷ್ಟೇ ವ್ಯರ್ಥ. ಮೈಯಲ್ಲಿ ತಡೆಯುವ ಶಕ್ತಿ ಬೆಳೆಯಲು ಒಂದೆರಡು ವಾರವಾದರೂ ಬೇಕು. ಆದ್ದರಿಂದ ಬೇಸಿಗೆಗೆ ಮುಂಚೆ, ಕೋಳಿಗಳು ಗಟ್ಟಿಮುಟ್ಟಾಗಿರುವಾಗಲೇ ಮಾಡಿಸಬೇಕು. ಮರಿಗಳಿಗೆ ಐದರಿಂದ ಏಳನೆಯ ದಿನದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟ ಅಥವಾ ಎಫ್ ತಳಿಯ ಲಸಿಕೆ. ಎರಡು ತಿಂಗಳ ಹೊತ್ತಿಗೆ ಆರ್‌2ಬಿ. ಇದು ಕೊಂಚ ಗಡಸು ಲಸಿಕೆ, ಸಣ್ಣ ಮರಿಗಳಿಗೆ ಹಾಕಬಾರದು. ಮುಂದೆ ಡಾಕ್ಟರ್ ಹೇಳಿದ ಅಂತರದಲ್ಲಿ ಮತ್ತೆ ಹಾಕಿಸುತ್ತಿರಬೇಕು.

ಸತ್ತ ಕೋಳಿಯ ವಿಷಯದಲ್ಲಿ ಊರು ಇನ್ನೂ ಉದಾಸೀನ. ತಿಪ್ಪೆಗೆ ಎಸೆದರೆ ನಾಯಿ ಎಳೆದಾಡುತ್ತದೆ, ಕಾಲುವೆಗೆ ಎಸೆದರೆ ಕೆಳಗಿನ ಊರು ಅನುಭವಿಸುತ್ತದೆ. ಮೊಣಕಾಲುದ್ದ ಗುಂಡಿ, ಮೇಲೊಂದು ಬುಟ್ಟಿ ಸುಣ್ಣ, ಅದರ ಮೇಲೆ ಮಣ್ಣು. ಇಷ್ಟಕ್ಕೆ ಅರ್ಧ ತಾಸು ಸಾಕು. ರೋಗದ ಕೋಳಿಯನ್ನು ಕೊಯ್ದು ಗರಿ, ಕರುಳನ್ನು ಹಿತ್ತಲಲ್ಲೇ ಚೆಲ್ಲುವುದೆಂದರೆ ಪಕ್ಕದ ಮನೆಯ ಕೋಳಿಗೆ ರೋಗ ಬಡಿಸಿದಂತೆ. ಈ ವೈರಸ್ಸು ಮನುಷ್ಯರನ್ನು ಕಾಡುವುದು ಕಡಿಮೆ. ಆದರೂ ಸೋಂಕಿನ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಕೆಲದಿನ ಕಣ್ಣು ಕೆಂಪಾಗಿ ನೀರು ಸುರಿಯುವುದುಂಟು.

ಕಚ್ಚಿದ ಗಾಯ, ಮುರಿದ ಕಾಲು

ಇನ್ನು ಮನೆಯಲ್ಲೇ ಗೆಲ್ಲಬಹುದಾದ ಯುದ್ಧಗಳು.

ಕಬ್ಬಿನ ಹೊಲದ ಅಂಚಿನ ಮನೆಗಳಿಗೆ ಮುಂಗಲಿ, ಕಾಡುಬೆಕ್ಕುಗಳ ಕಾಟ. ಊರೊಳಗೆ ಬೀದಿನಾಯಿಗಳದು. ನಾಯಿಯ ಬಾಯಿಂದ ಕಿತ್ತುಕೊಂಡ ಕೋಳಿ ಎದ್ದು ಓಡಿದರೆ ಮನೆಯವರು ‘ಏನೂ ಆಗಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಗರಿಯ ಕೆಳಗೆ ನೋಡುವುದಿಲ್ಲ. ಹಲ್ಲು ನಟ್ಟಲ್ಲಿ ಮೇಲೆ ಕಾಣುವುದು ಸಾಸಿವೆಯಷ್ಟು ತೂತು, ಒಳಗೆ ಚರ್ಮ ಮಾಂಸದಿಂದ ಸುಲಿದು ಜೇಬಿನಂತೆ ತೆರೆದಿರುತ್ತದೆ. ನಾಯಿ ಬೆಕ್ಕುಗಳ ಬಾಯಿಯ ಕ್ರಿಮಿಗಳು ಅಲ್ಲಿ ಮನೆ ಮಾಡಿದರೆ ಮೂರನೆಯ ದಿನ ಕೋಳಿ ಸಾಯುತ್ತದೆ, ಗಾಯಕ್ಕಲ್ಲ, ನಂಜಿಗೆ.

ಕ್ರಮ ಹೀಗೆ. ಕೋಳಿಯನ್ನು ಮೊದಲು ಕತ್ತಲೆಯಲ್ಲಿ, ಬುಟ್ಟಿಯ ಕೆಳಗೆ ಹತ್ತು ನಿಮಿಷ ಸುಮ್ಮನೆ ಬಿಡಬೇಕು. ಹೆದರಿಕೆಯೇ ಅರ್ಧ ಕೋಳಿಗಳನ್ನು ಕೊಲ್ಲುತ್ತದೆ. ರಕ್ತ ಹರಿಯುತ್ತಿದ್ದರೆ ಮಾತ್ರ ಕಾಯುವಂತಿಲ್ಲ. ಒಂದೂವರೆ ಕಿಲೋ ತೂಕದ ಹೇಂಟೆಯ ಮೈಯಲ್ಲಿರುವ ರಕ್ತವೇ ಸುಮಾರು ನೂರು ಮಿಲಿ, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಹಿಡಿಯುವಾಗ ಎದೆಯನ್ನು ಅವಚಬಾರದು. ಕೋಳಿಗೆ ನಮ್ಮ ಹಾಗೆ ವಪೆ ಇಲ್ಲ, ಎದೆಗೂಡು ಏರಿಳಿದರಷ್ಟೇ ಅದರ ಉಸಿರಾಟ. ಆಮೇಲೆ ಗಾಯದ ಸುತ್ತ ಎರಡು ಬೆರಳಗಲ ಗರಿಯನ್ನು ಕತ್ತರಿಸಬೇಕು, ಕೀಳಬಾರದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸುಮಾರು 9 ಗ್ರಾಂ, ಅಂದರೆ ಒಂದೂವರೆ ಚಹಾ ಚಮಚ ಉಪ್ಪು ಹಾಕಿ, ಸೂಜಿ ತೆಗೆದ ಸಿರಿಂಜಿನಿಂದ ಆ ತೂತಿನೊಳಕ್ಕೆ ಚಿಮ್ಮಿಸಬೇಕು. ಹೊರಬರುವ ನೀರು ತಿಳಿಯಾಗುವವರೆಗೆ ಬಿಡಬಾರದು. ಅನಂತರ ನೀರು ಬೆರೆಸಿ ತೆಳುವಾಗಿಸಿದ ಪೊವಿಡೋನ್ ಅಯೋಡಿನ್. ಅದಿಲ್ಲದಿದ್ದರೆ ಈ ಸೀಮೆಯ ಮನೆಗಳಲ್ಲಿ ಕೊರತೆಯಿಲ್ಲದ ಅರಿಶಿಣ ಇದೆ. ಅಂಗಡಿಯ ಬಣ್ಣ ಬೆರೆತ ಪುಡಿಗಿಂತ ಮನೆಯಲ್ಲಿ ಕುಟ್ಟಿದ್ದು ವಾಸಿ. ಹಲ್ಲು ನಟ್ಟ ಗಾಯವನ್ನು ಹೊಲಿಯಬಾರದು, ಒಳಗಿನ ಕೀವು ಹೊರಬರಲು ದಾರಿ ಬೇಕು. ಕಚ್ಚಿದ್ದು ನಾಯಿಯೋ ಬೆಕ್ಕೋ ಆಗಿದ್ದರೆ ಡಾಕ್ಟರಿಗೆ ತೋರಿಸಿ ಆಂಟಿಬಯಾಟಿಕ್ ಕೇಳುವುದು ಕ್ಷೇಮ. ನಾಯಿಯ ಜೊಲ್ಲು ಮೆತ್ತಿದ ಕೋಳಿ ಹಿಡಿದವರು ಸಾಬೂನು ಹಚ್ಚಿ ಕೈ ತೊಳೆದುಕೊಳ್ಳಬೇಕು. ಹುಚ್ಚುನಾಯಿ ರೋಗ ಮುಖ್ಯವಾಗಿ ಸಸ್ತನಿಗಳದ್ದು, ಚಿಂತೆ ಕೋಳಿಗಿಂತ ಕೋಳಿ ಹಿಡಿದ ಕೈಯದು.

ಸೀಮೆಎಣ್ಣೆ ಬೇಡ, ಬ್ಯಾಟರಿಯ ಕಪ್ಪು ಬೇಡ, ಹೊಲಕ್ಕೆ ಹೊಡೆಯುವ ಪುಡಿಯಂತೂ ಬೇಡವೇ ಬೇಡ. ಹಳ್ಳಿಗಳಲ್ಲಿ ನಡೆಯುವ ಮದ್ದುಗಳೇ ಈ ಮೂರೂ.

ಗಾಯಗೊಂಡ ಕೋಳಿಯನ್ನು ಉಳಿದವುಗಳ ಜೊತೆ ಬಿಡಬಾರದು. ಕೆಂಪು ಕಂಡಲ್ಲಿ ಕುಕ್ಕುವುದು ಕೋಳಿಯ ಹುಟ್ಟುಗುಣ. ಸ್ವಂತ ಮರಿಗಳೇ ತಾಯಿಯ ಬೆನ್ನಿನ ಗಾಯವನ್ನು ಕುಕ್ಕಿ ಅಗಲ ಮಾಡುತ್ತವೆ. ಜೆನ್ಷನ್ ವಯಲೆಟ್ ಎಂಬ ಹಳೆಯ ನೇರಳೆ ಮದ್ದು ಇಲ್ಲಿ ಎರಡು ಕೆಲಸ ಮಾಡುತ್ತದೆ, ಕ್ರಿಮಿಯನ್ನು ತಡೆಯುವುದರ ಜೊತೆಗೆ ಕೆಂಪನ್ನೂ ಮುಚ್ಚುತ್ತದೆ. ಮಳೆಗಾಲದಲ್ಲಿ ದಿನಕ್ಕೆರಡು ಸಲ ಗಾಯ ನೋಡಬೇಕು. ನೊಣ ಕೂತರೆ ಒಂದೇ ದಿನದಲ್ಲಿ ಹುಳ ಬೀಳುತ್ತವೆ. ಬಿದ್ದರೆ ಚಿಮಟದಿಂದ ಒಂದೊಂದಾಗಿ ತೆಗೆದು ಉಪ್ಪುನೀರಿನಿಂದ ತೊಳೆಯುವುದೇ ಸುರಕ್ಷಿತ ದಾರಿ. ಎಮ್ಮೆಯ ಹುಣ್ಣಿಗೆ ಹಾಕುವ ಟರ್ಪೆಂಟೈನ್ ಕೋಳಿಯ ತೆಳುಚರ್ಮಕ್ಕೆ ಬೆಂಕಿ.

ಕಾಲು ಮುರಿತಕ್ಕೆ ಇನ್ನೂ ಸರಳ ಉಪಾಯವಿದೆ. ಗರಿಯಿಲ್ಲದ ಕೆಳಗಾಲು ಮುರಿದು, ಚರ್ಮ ಹರಿಯದೆ ಇದ್ದರೆ ಎರಡು ಸೀಳು ಬಿದಿರು ಕಡ್ಡಿ ಅಥವಾ ಒಣಗಿದ ಜೋಳದ ದಂಟಿನ ಸೀಳು ಸಾಕು. ಮೊದಲು ಹತ್ತಿ, ಅದರ ಮೇಲೆ ಸೀಳು, ಅದರ ಮೇಲೆ ಪಟ್ಟಿ. ಬೆರಳುಗಳು ತಣ್ಣಗಾದರೆ ಅಥವಾ ಊದಿದರೆ ಕಟ್ಟು ಬಿಗಿಯಾಗಿದೆ ಎಂದರ್ಥ, ಬಿಚ್ಚಿ ಸಡಿಲ ಕಟ್ಟಬೇಕು. ಹಕ್ಕಿಯ ಎಲುಬು ನಮ್ಮದಕ್ಕಿಂತ ಬೇಗ ಕೂಡುತ್ತದೆ, ಮೂರು ವಾರಕ್ಕೆ ಕಟ್ಟು ಬಿಚ್ಚಬಹುದು. ರೆಕ್ಕೆಯ ಮೇಲಿನ ಎಲುಬಿನ ವಿಷಯ ಬೇರೆ. ಅದು ಟೊಳ್ಳು, ಅದರೊಳಗಿನ ಗಾಳಿ ಉಸಿರಾಟದ ಚೀಲಗಳಿಗೆ ಸೇರಿಕೊಂಡಿದೆ. ಅಲ್ಲಿ ಎಲುಬು ಚರ್ಮ ಹರಿದು ಹೊರಬಂದಿದ್ದರೆ ತೊಳೆಯಲು ಹೋಗಬಾರದು, ನೀರು ನೇರ ಒಳಗೆ ಹೋಗುತ್ತದೆ. ಅಂಥ ಕೋಳಿಗೆ ಡಾಕ್ಟರೇ ಗತಿ. ನರಳಿಸಿ ಸಾಯಿಸುವುದಕ್ಕಿಂತ ಒಮ್ಮೆಲೇ ಮುಗಿಸುವುದೂ ದಯೆಯೇ.

ಕಬ್ಬು ಕಡಿದ ಮೇಲೆ ಕೂಳೆಯ ಚೂಪು ಮೊನೆಗಳ ನಡುವೆ ಕೋಳಿಗಳು ಹುಳ ಹುಡುಕುತ್ತವೆ. ಜಾಲಿ ಮುಳ್ಳಂತೂ ಎಲ್ಲೆಡೆ ಇದೆ. ಅಂಗಾಲಿಗೆ ಸಣ್ಣ ಗಾಯವಾಗಿ, ಒಳಗೆ ಕೀವು ಗಟ್ಟಿಯಾಗಿ, ಮೇಲೆ ಕಪ್ಪು ಚಕ್ಕೆ ಕಟ್ಟಿದ ಗಂಟಾಗುತ್ತದೆ. ಭಾರದ ಹುಂಜಗಳಲ್ಲಿ, ಅದರಲ್ಲೂ ಎತ್ತರದಿಂದ ಧುಮುಕುವವುಗಳಲ್ಲಿ ಇದು ಹೆಚ್ಚು. ಹೆಬ್ಬಾಳದಲ್ಲಿ 1980ರ ದಶಕದ ಕೊನೆಗೆ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯ ದಪ್ಪ ಹುಂಜ ಸಾಕುವವರು ಅಂಗಾಲನ್ನು ಆಗಾಗ ತಿರುಗಿಸಿ ನೋಡಬೇಕು. ಬೆಚ್ಚಗಿನ ಉಪ್ಪುನೀರಿನಲ್ಲಿ ಕಾಲು ಇಪ್ಪತ್ತು ನಿಮಿಷ ನೆನೆಸಿದರೆ ಚಕ್ಕೆ ಮೆತ್ತಗಾಗುತ್ತದೆ. ಆಗ ಮೃದುವಾಗಿ ಒತ್ತಿದರೆ ಅಕ್ಕಿಯ ತಂಬಿಟ್ಟಿನಂಥ ಗಟ್ಟಿ ಕೀವು ಹೊರಬರುತ್ತದೆ. ಹಕ್ಕಿಗಳ ಕೀವು ಹರಿಯುವುದಿಲ್ಲ. ಬಾರದಿದ್ದರೆ ಹೋರಾಡಬಾರದು, ಮರುದಿನ ಮತ್ತೆ ನೆನೆಸಬೇಕು. ಅಯೋಡಿನ್ ಹಚ್ಚಿ, ಪಟ್ಟಿ ಕಟ್ಟಿ, ಒಂದು ವಾರ ಒಣ ಹುಲ್ಲಿನ ಮೇಲೆ ಇಡಬೇಕು.

ಮಿರಗದ ಮಳೆ, ಕೆಂಪು ಹಿಕ್ಕೆ

ಮಿರಗದ ಮಳೆ ಬಿದ್ದು ಎರೆಮಣ್ಣು ಕೆಸರಾದಾಗ ಮರಿಗಳ ಸಾವು ಶುರುವಾಗುತ್ತದೆ. ಮೂರರಿಂದ ಆರು ವಾರದ ಮರಿ ತಲೆ ಒಳಗೆಳೆದುಕೊಂಡು ಚಳಿ ಹಿಡಿದಂತೆ ಕೂರುತ್ತದೆ, ಹಿಕ್ಕೆಯಲ್ಲಿ ರಕ್ತ. ಇದು ರಕ್ತಭೇದಿ, ಕರುಳಿನಲ್ಲಿ ಬೆಳೆಯುವ ಏಕಕೋಶ ಪರಾವಲಂಬಿಯ ಕೆಲಸ. ಹಿಕ್ಕೆಯಲ್ಲಿ ಬಿದ್ದ ಅದರ ತತ್ತಿಗಳು ಒದ್ದೆ, ಬೆಚ್ಚಗಿನ ನೆಲದಲ್ಲಿ ಒಂದೆರಡು ದಿನದಲ್ಲೇ ಹದಕ್ಕೆ ಬರುತ್ತವೆ. ನೆಲ ಒಣಗಿದ್ದರೆ ಅವಕ್ಕೆ ಆ ಭಾಗ್ಯವಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೇ ನುಗ್ಗಿದಾಗ ನದಿಪಾತ್ರದ ಮನೆಗಳ ಹಿತ್ತಲುಗಳು ವಾರಗಟ್ಟಲೆ ಆರಲಿಲ್ಲ. ಅಂಥ ನೆಲದಲ್ಲಿ ಮರಿ ಬಿಡುವುದೆಂದರೆ ರೋಗದ ಬಾಯಿಗೆ ಕೊಟ್ಟಂತೆ.

ಆಂಪ್ರೋಲಿಯಂ ಎಂಬ ಪುಡಿ ಪಶು ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಪೊಟ್ಟಣದ ಮೇಲಿನ ಅಳತೆಯಲ್ಲಿ ಕುಡಿಯುವ ನೀರಿಗೆ ಬೆರೆಸಿ ಐದರಿಂದ ಏಳು ದಿನ ಕೊಟ್ಟರೆ ಹೆಚ್ಚಿನ ಮರಿಗಳು ಬದುಕುತ್ತವೆ. ಈ ಔಷಧದ ಕೆಲಸ ಕುತೂಹಲದ್ದು. ಅದು ಬಿ1 ಜೀವಸತ್ವದ ವೇಷ ಹಾಕಿಕೊಂಡು ಪರಾವಲಂಬಿಯನ್ನು ಮೋಸಗೊಳಿಸುತ್ತದೆ. ಪರಾವಲಂಬಿ ನಕಲಿಯನ್ನು ಉಂಡು ಉಪವಾಸ ಬೀಳುತ್ತದೆ. ಆದ್ದರಿಂದಲೇ ಆ ದಿನಗಳಲ್ಲಿ ‘ಶಕ್ತಿ ಬರಲಿ’ ಎಂದು ಬಿ ಕಾಂಪ್ಲೆಕ್ಸ್ ಹನಿ ಬೆರೆಸಿದರೆ ಔಷಧ ನೀರಿನಲ್ಲಿ ಮಾಡಿದ ಹೋಮವಾಗುತ್ತದೆ. ವಿಟಮಿನ್ ಕೊಡುವುದಾದರೆ ಕೋರ್ಸ್ ಮುಗಿದ ಮೇಲೆ.

ಆ ಜೀವಸತ್ವದ ಚರಿತ್ರೆಯೇ ಕೋಳಿಯಿಂದ ಶುರುವಾದದ್ದು. ಕಳೆದ ಶತಮಾನಕ್ಕಿಂತ ಹಿಂದೆ, ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಬೀಳುವುದನ್ನೂ ತೌಡು ಕೊಟ್ಟಾಗ ಅವು ಎದ್ದು ನಡೆಯುವುದನ್ನೂ ಕಂಡ. 1929ರಲ್ಲಿ ಅವನಿಗೆ ನೊಬೆಲ್ ಬಂತು. ಪಡಿತರದ ಬಿಳಿ ಅಕ್ಕಿಯನ್ನೇ ದಿನವೂ ಚೆಲ್ಲಿ, ಕಾಲು ಸೋತ ಕೋಳಿಗೆ ದೃಷ್ಟಿ ತೆಗೆಯುವವರು ಒಂದು ಹಿಡಿ ತೌಡು, ಒಡೆದ ಜೋಳ ಹಾಕಿ ನೋಡಬೇಕು. ಕಾಲು ಬೀಳುವುದೆಲ್ಲ ಇದರಿಂದಲೇ ಎಂದಲ್ಲ. ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಬಿದ್ದರೆ ಅದು ಮಾರೆಕ್ಸ್ ಎಂಬ ವೈರಸ್ ರೋಗವಿರಬಹುದು. ಅದಕ್ಕೆ ಮರಿಯಾದ ದಿನವೇ ಲಸಿಕೆ, ಆಮೇಲೆ ಔಷಧವಿಲ್ಲ.

ಲಸಿಕೆ ಎಂಬುದೂ ಕೋಳಿಗೆ ಋಣಿ. 1879ರಲ್ಲಿ ಲೂಯಿ ಪಾಶ್ಚರ್ ರಜೆಗೆ ಹೋಗುವ ಮುನ್ನ ಬಿಟ್ಟುಹೋಗಿದ್ದ ಕೋಳಿ ಕಾಲರಾದ ಹಳಸಿದ ಕ್ರಿಮಿಗಳನ್ನು ಕೋಳಿಗಳಿಗೆ ಚುಚ್ಚಿ ನೋಡಿದಾಗ ಅವು ಸಾಯಲಿಲ್ಲ, ಮತ್ತೆ ತಾಜಾ ಕ್ರಿಮಿ ಚುಚ್ಚಿದರೂ ಸಾಯಲಿಲ್ಲ. ಪ್ರಯೋಗಾಲಯದಲ್ಲಿ ಮನುಷ್ಯ ಮಾಡಿದ ಮೊದಲ ಲಸಿಕೆ ಕೋಳಿಯದು. ನಂತರದ್ದು ನಾವು ಮಕ್ಕಳಿಗೆ ಹಾಕಿಸುವುದೆಲ್ಲ.

ಕಾಲುವೆ ನೀರು ನಿಂತಲ್ಲಿ ಸೊಳ್ಳೆ, ಸೊಳ್ಳೆಯಿಂದ ಕೋಳಿ ಸಿಡುಬು. ಜುಟ್ಟು, ಕಣ್ಣಿನ ರೆಪ್ಪೆ, ಗಲ್ಲದ ಜೋಲಿನ ಮೇಲೆ ಕಪ್ಪು ಗುಳ್ಳೆಗಳು ಬರುತ್ತವೆ. ಹೆಂಗಸರು ಬೇವಿನ ಎಲೆ, ಅರಿಶಿಣ ಅರೆದು ಹಚ್ಚುತ್ತಾರೆ, ಹಚ್ಚಲಿ. ಗುಳ್ಳೆ ಕೀಳಬಾರದು, ಕಣ್ಣು ಮುಚ್ಚಿಹೋಗಿದ್ದರೆ ಉಪ್ಪುನೀರಿನ ಹತ್ತಿಯಿಂದ ಬಿಡಿಸಿ, ಕೈಯಿಂದ ತಿನ್ನಿಸಬೇಕು. ಈ ರೋಗದಲ್ಲಿ ಸಾಯುವ ಕೋಳಿಗಳಲ್ಲಿ ಎಷ್ಟೋ ಸಿಡುಬಿನಿಂದ ಸಾಯುವುದಿಲ್ಲ, ಕಣ್ಣು ಕಾಣದೆ ಹಸಿವಿನಿಂದ ಸಾಯುತ್ತವೆ. ಮೂರು ನಾಲ್ಕು ವಾರಕ್ಕೆ ಗುಳ್ಳೆ ತಾನಾಗಿ ಉದುರುತ್ತದೆ. ಬಾಯೊಳಗೆ ಹಳದಿ ಪದರ ಕಟ್ಟಿ ಉಸಿರು ಕಟ್ಟಿದರೆ ಮಾತ್ರ ಕಷ್ಟ.

ಕಾವಿಗೆ ಕುಳಿತ ಹೇಂಟೆ ಇದ್ದಕ್ಕಿದ್ದಂತೆ ತತ್ತಿ ಬಿಟ್ಟು ಎದ್ದರೆ ಬುಟ್ಟಿಯನ್ನು ಅನುಮಾನಿಸಬೇಕು. ಬಿಳಿ ಬಟ್ಟೆಯಿಂದ ರಾತ್ರಿ ಬುಟ್ಟಿಯ ಸಂದು ಒರೆಸಿದರೆ ಕೆಂಪು ಕಲೆಗಳು ಹತ್ತುತ್ತವೆ, ಹಗಲು ಸಂದಿಯಲ್ಲಿ ಅಡಗಿ ರಾತ್ರಿ ರಕ್ತ ಹೀರುವ ಕೆಂಪು ನುಸಿಗಳವು. ಕೋಳಿಗೆ ಔಷಧ ಹಚ್ಚುವುದಕ್ಕಿಂತ ಹಳೆಯ ಹುಲ್ಲನ್ನು ಸುಟ್ಟು, ಬುಟ್ಟಿಗೆ ಕುದಿನೀರು ಹೊಯ್ದು ಬಿಸಿಲಿಗೆ ಇಡುವುದು ಹೆಚ್ಚು ಫಲ. ಒಲೆಯ ಬೂದಿ, ಒಣಮಣ್ಣು ಕೂಡಿಸಿದ ಒಂದು ತಗ್ಗು ಹಿತ್ತಲಲ್ಲಿದ್ದರೆ ಹೇನಿನ ಕೆಲಸವನ್ನು ಕೋಳಿಯೇ ಹೊರಳಾಡಿ ಮುಗಿಸಿಕೊಳ್ಳುತ್ತದೆ. ಕಾಲಿನ ಹುರುಪೆ ಎದ್ದು ಸುಣ್ಣ ಮೆತ್ತಿದಂತಾದರೆ ಅದೂ ನುಸಿಯೇ. ಕುಸುಬಿ ಎಣ್ಣೆ ದಿನಾ ಹಚ್ಚಿದರೆ ನುಸಿ ಉಸಿರುಗಟ್ಟಿ ಸಾಯುತ್ತದೆ. ಹತ್ತಿ, ಕಬ್ಬಿಗೆ ಹೊಡೆಯುವ ಕೀಟನಾಶಕವನ್ನು ಕೋಳಿಯ ಮೈಗೆ ಸಿಂಪಡಿಸಿ ಅದೇ ಸಂಜೆ ತತ್ತಿ ತಿನ್ನುವ ಧೈರ್ಯ ಯಾರಿಗೂ ಬೇಡ.

ತತ್ತಿ ಸಿಕ್ಕಿಕೊಂಡ ಹೇಂಟೆ ಪೆಂಗ್ವಿನ್ನಿನಂತೆ ನೆಟ್ಟಗೆ ನಿಂತು, ಬಾಲ ಮೇಲೆ ಕೆಳಗೆ ಮಾಡುತ್ತ ಮುಕ್ಕರಿಸುತ್ತದೆ. ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಹೊಟ್ಟೆ ಮುಳುಗುವಂತೆ ಕಾಲು ತಾಸು ಕೂರಿಸಿ, ದ್ವಾರಕ್ಕೆ ಎಣ್ಣೆ ಸವರಿ, ಕತ್ತಲಲ್ಲಿ ಬಿಟ್ಟರೆ ಹೆಚ್ಚಿನವು ಇಟ್ಟುಬಿಡುತ್ತವೆ. ಒತ್ತಿ ಒಳಗೇ ಒಡೆದರೆ ಚಿಪ್ಪಿನ ಚೂರು ಕರುಳು ಕೊಯ್ಯುತ್ತದೆ. ತತ್ತಿಯ ಜೊತೆ ಮೈ ಹೊರಬಂದಾಗ ಅದನ್ನು ಉಪ್ಪುನೀರಿನಿಂದ ತೊಳೆದು, ಮೇಲೆ ಸಕ್ಕರೆ ಉದುರಿಸಬೇಕು. ಸಕ್ಕರೆ ನೀರು ಹೀರಿ ಬಾವು ಇಳಿಸುತ್ತದೆ, ಆಮೇಲೆ ಮೆಲ್ಲಗೆ ಒಳಗೆ ತಳ್ಳಬಹುದು. ಕಾರ್ಖಾನೆಗಳ ಈ ನಾಡಿನಲ್ಲಿ ಇದಕ್ಕೆ ಸಕ್ಕರೆ ಇಲ್ಲ ಎನ್ನುವಂತಿಲ್ಲ. ಎರಡಕ್ಕೂ ಮೂಲ ಸುಣ್ಣದ ಕೊರತೆಯಿರುವುದು ಹೆಚ್ಚು. ಒಂದು ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಹುರಿದು ಪುಡಿ ಮಾಡಿದ ತತ್ತಿ ಸಿಪ್ಪೆ ಅದರ ಅಗ್ಗದ ಉತ್ತರ.

ಗುಳಿಗೆಯ ಹುಚ್ಚು

ಜ್ವರಕ್ಕೆ ಮನೆಯಲ್ಲಿ ಉಳಿದ ಕ್ಯಾಪ್ಸೂಲನ್ನು ಬಿಚ್ಚಿ ಕೋಳಿಯ ನೀರಿಗೆ ಸುರಿಯುವುದು ಈಗ ಎಲ್ಲ ಕಡೆ ನಡೆದಿದೆ. ವೈರಸ್ಸಿಗೆ ಆಂಟಿಬಯಾಟಿಕ್ ನಾಟುವುದಿಲ್ಲ. ನಾಟುವ ಮುಖ ಊದುವ ನೆಗಡಿ, ಕೋಳಿ ಕಾಲರಾಗಳಿಗೂ ಅಳತೆ, ದಿನ ತಪ್ಪಿದರೆ ಕ್ರಿಮಿ ಪಳಗುತ್ತದೆ. ಅದೇ ಕ್ರಿಮಿ ನಾಳೆ ಮನೆಯ ಮಗುವಿನ ಹೊಟ್ಟೆಯಲ್ಲಿ ಯಾವ ಔಷಧಕ್ಕೂ ಬಗ್ಗದಿರಬಹುದು. ಈ ಭಯದಿಂದಲೇ ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಕೊಲಿಸ್ಟಿನ್ ಔಷಧವನ್ನು ಕೋಳಿ, ದನಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ಔಷಧ ಕೊಟ್ಟ ಕೋಳಿಯ ತತ್ತಿಯನ್ನು ಎಷ್ಟು ದಿನ ತಿನ್ನಬಾರದು ಎಂದು ಡಾಕ್ಟರನ್ನು ಕೇಳುವವರು ಕಡಿಮೆ. ಕೇಳಬೇಕು.

ಒಂದೇ ದಿನ ಹತ್ತಾರು ಕೋಳಿ ಸತ್ತರೆ ಅದನ್ನು ಕೊಕ್ಕರೆ ಎಂದು ಸುಮ್ಮನಾಗಬಾರದು. ಗಡಿಯಾಚೆಯ ಮಹಾರಾಷ್ಟ್ರದ ನವಾಪುರದಲ್ಲಿ 2006ರಲ್ಲಿ ದೇಶದ ಮೊದಲ ಹಕ್ಕಿಜ್ವರ ಕಂಡಿತು. ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟ, 2020ರಲ್ಲಿ ಮೈಸೂರು, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ. ವರದಹಳ್ಳಿಯಲ್ಲಿ ಮೊದಲು ಸತ್ತದ್ದು ಮನೆಗಳಲ್ಲಿ ಸಾಕಿದ ಕೋಳಿಗಳೇ. ಕೊಕ್ಕರೆಯೋ ಹಕ್ಕಿಜ್ವರವೋ ಎಂದು ಹೊರಗಿನ ಲಕ್ಷಣದಿಂದ ಯಾರೂ ಹೇಳಲಾರರು, ಪ್ರಯೋಗಾಲಯವೇ ಹೇಳಬೇಕು. ಅಲ್ಲಿಯವರೆಗೆ ಕೊಯ್ಯುವುದು, ಮಾರುವುದು, ಬರಿಗೈಯಲ್ಲಿ ಮುಟ್ಟುವುದು ನಿಲ್ಲಬೇಕು.

ಇನ್ನು ಶೀಶೆಯ ಪ್ರಶ್ನೆ. ನೂರು ಡೋಸಿಗೆ ನೂರು ಕೋಳಿ ಒಂದೇ ಹಿತ್ತಲಲ್ಲಿ ಸಿಗುವುದಿಲ್ಲ, ಒಂದೇ ಓಣಿಯಲ್ಲಿ ಸಿಗುತ್ತವೆ. ಹದಿನೈದು ಇಪ್ಪತ್ತು ಮನೆಯವರು ಕೂಡಿದರೆ ಆಯಿತು. ಸ್ತ್ರೀಶಕ್ತಿ, ಸಂಜೀವಿನಿ ಸಂಘಗಳು ಪ್ರತಿ ಊರಿನಲ್ಲೂ ಇವೆ. ಕಂತು ಕಟ್ಟಲು ಸೇರುವ ದಿನವೇ ಕೋಳಿಗಳ ಲೆಕ್ಕ ಬರೆದುಕೊಂಡರೆ ಖರ್ಚೇನೂ ಇಲ್ಲ. ಪಶುಪಾಲನಾ ಇಲಾಖೆಯ ದವಾಖಾನೆ, ಪಶು ಸಖಿಯರು, ಮೂಡಲಗಿ ತಾಲ್ಲೂಕಿನ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇಷ್ಟು ಹತ್ತಿರದಲ್ಲಿರುವಾಗ ಕೇಳುವ ಬಾಯಿ ಬೇಕು ಅಷ್ಟೇ. ಸಂಚಾರಿ ಪಶು ಚಿಕಿತ್ಸೆಯ ಸಹಾಯವಾಣಿ 1962. ಎಮ್ಮೆಗೆ ಮಾತ್ರವಲ್ಲ, ಕೋಳಿಗೂ ಕರೆ ಮಾಡಬಹುದು.

ಲಸಿಕೆ ಮಾಡಿಸುವ ದಿನ ಕೋಳಿಗಳನ್ನು ಬೆಳಿಗ್ಗೆ ಗೂಡಿನಿಂದ ಬಿಡಬೇಡಿ, ಬಿಟ್ಟರೆ ಹಿಡಿಯುವುದರಲ್ಲೇ ಎರಡು ತಾಸು ಹೋಗುತ್ತದೆ. ಶೀಶೆಯನ್ನು ಐಸ್ ತುಂಬಿದ ಥರ್ಮಾಸಿನಲ್ಲೇ ತನ್ನಿ. ಹೊಸದಾಗಿ ಸಂತೆಯಿಂದ ತಂದ ಕೋಳಿ ಇದ್ದರೆ ಎರಡು ವಾರ ಬೇರೆ ಬುಟ್ಟಿಯಲ್ಲಿಟ್ಟು ನೋಡಿ, ಆಮೇಲೆ ಹಿಂಡಿಗೆ ಸೇರಿಸಿ. ಬೇಸಿಗೆ ಮಾರ್ಚಿನಲ್ಲಿ ಶುರುವಾಗುತ್ತದೆ ಎಂದರೆ ಲಸಿಕೆಯ ದಿನ ಜನವರಿಯಲ್ಲಿ, ತಡವಾದರೆ ಫೆಬ್ರುವರಿಯ ಮೊದಲ ವಾರದಲ್ಲಿ ಇರಲಿ.